ಮರ ಕಡಿಯುವ ಮೊದಲು ಕಸಿ ಕಟ್ಟುವವರಿಗೆ ತಿಳಿಸಿ

ಮಾನ್ಯ ಸಂಪಾದಕರೇ,

ಹಲಸಿನ ಕಾಲ ಬಂತೆಂದರೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಚೇಳೂರು ಮಾರುಕಟ್ಟೆಯ ಚಿತ್ರ ಬರುತ್ತದೆ. ರಾಶಿ ಬಿದ್ದ ಹಣ್ಣು, ಹೊರರಾಜ್ಯಕ್ಕೆ ಹೊರಟ ಲಾರಿ, ಈ ವರ್ಷದ ಧಾರಣೆ, ಕೆಳಗೆ ಕಡುಬಿನದೋ ಹಪ್ಪಳದ್ದೋ ವಿಧಾನ. ಎಲ್ಲವನ್ನೂ ಓದುತ್ತೇನೆ, ಸಂತೋಷಪಡುತ್ತೇನೆ. ಆದರೆ ಒಂದು ಒಳ್ಳೆಯ ಮರವನ್ನು ನೂರು ಮರ ಮಾಡುವ ಕಸಿಗಾರರ ಬಗ್ಗೆ ಒಂದು ಸಾಲನ್ನೂ ಓದಿದ ನೆನಪಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಜೊತೆಗೊಂದು ಬೇಡಿಕೆಯೂ ಇದೆ. ಅದು ನಿಮಗೂ, ರಸ್ತೆ ಅಗಲಿಸುವವರಿಗೂ, ಮರ ಮಾರುವ ರೈತರಿಗೂ ಸೇರಿದ್ದು.

ನಾನು ಗುಬ್ಬಿ ತಾಲ್ಲೂಕಿನವಳು. ಗುಬ್ಬಿಗೂ ಚೇಳೂರಿಗೂ ನಡುವಿನ ಒಂದು ಹಳ್ಳಿಯಲ್ಲಿ ಅರ್ಧ ಎಕರೆಯ ನರ್ಸರಿ ನಡೆಸುತ್ತೇನೆ. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಪಕ್ಕದ ನರ್ಸರಿಯೊಂದಕ್ಕೆ ಚೀಲಕ್ಕೆ ಮಣ್ಣು ತುಂಬುವ ಕೂಲಿಗೆ ಹೋಗುತ್ತಿದ್ದೆ. ಹೆಂಗಸರಿಗೆ ಮಣ್ಣು, ನೀರು, ಕಳೆ. ಚಾಕು ಹಿಡಿಯುವುದು ಗಂಡಸರ ಕೆಲಸ ಎಂಬ ಕಾಲ ಅದು. ಅಲ್ಲಿ ಒಬ್ಬ ಹಿರಿಯ ಕಸಿಗಾರರಿದ್ದರು. ಡಾ. ಎಂ.ಎಚ್. ಮರಿಗೌಡರು ತೋಟಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಕಾಲದಲ್ಲಿ ರಾಜ್ಯದುದ್ದಕ್ಕೂ ಬೆಳೆದ ಸರ್ಕಾರಿ ತೋಟಗಾರಿಕಾ ಕ್ಷೇತ್ರಗಳಲ್ಲೊಂದರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲೇ ಕೆಲಸ ಕಲಿತವರು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಅವರು ನಮ್ಮನ್ನು ಹುಣಸೆ ನೆರಳಿನಲ್ಲಿ ಕೂರಿಸಿಕೊಂಡು, ಬೇಲಿಯ ದಾಸವಾಳದ ಕಡ್ಡಿಗಳ ಮೇಲೆ ಕೈ ಪಳಗಿಸಿದರು. ಮಾಲೀಕರು ಒಪ್ಪುತ್ತಾರೋ ಇಲ್ಲವೋ ಎಂದು ಕೇಳಲೇ ಇಲ್ಲ. "ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವುದಾದರೆ ಮಾತ್ರ ಕೂತುಕೊಳ್ಳಿ" ಎಂಬುದೊಂದೇ ಅವರ ಷರತ್ತು. ಇಂದು ನಮ್ಮ ಸುತ್ತಿನ ನರ್ಸರಿಗಳಲ್ಲಿ ಚಾಕು ಹಿಡಿದಿರುವ ಹೆಂಗಸರಲ್ಲಿ ಬಹಳಷ್ಟು ಮಂದಿ ಅವರ ಶಿಷ್ಯೆಯರು, ಇಲ್ಲವೇ ಶಿಷ್ಯೆಯರ ಶಿಷ್ಯೆಯರು.

ಕಸಿ ಏಕೆ ಬೇಕು ಎಂದು ಪೇಟೆಯಿಂದ ಬರುವವರು ಕೇಳುತ್ತಾರೆ. ತಿಂದ ಹಣ್ಣು ರುಚಿಯಾಗಿತ್ತು, ಬೀಜ ಜೋಪಾನ ಮಾಡಿದ್ದೇವೆ, ನೆಟ್ಟರೆ ಸಾಲದೇ ಎನ್ನುತ್ತಾರೆ. ನೆಟ್ಟರೆ ಹಲಸಿನ ಮರವೇನೋ ಆಗುತ್ತದೆ, ಆದರೆ ತಿಂದ ಹಣ್ಣು ಮತ್ತೆ ಸಿಗುವ ಭರವಸೆ ಇಲ್ಲ. ಹಲಸಿನ ಹೂವಿಗೆ ಬೇರೆ ಮರದ ಪರಾಗ ಬಂದು ಸೇರುತ್ತದೆ. ಅದರಿಂದಾಗಿ ಒಂದೇ ಹಣ್ಣಿನೊಳಗಿನ ಬೀಜಗಳು ಕೂಡ ಒಂದಕ್ಕೊಂದು ಬೇರೆ. ಗಟ್ಟಿ ತೊಳೆಯ ಬಕ್ಕೆಯ ಬೀಜದಿಂದ ಬೆರಳಲ್ಲಿ ನಿಲ್ಲದಷ್ಟು ಮೆತ್ತನೆಯ ತೊಳೆಯ ಮರ ಬಂದದ್ದನ್ನು ನಾನೇ ಕಂಡಿದ್ದೇನೆ. ಹುಣಸೆಯದೂ ಇದೇ ಕಥೆ. ಮರ ಕಾಯಿ ಬಿಡುವ ತನಕ ಏನು ಬಂದಿದೆ ಎಂದು ತಿಳಿಯುವುದಿಲ್ಲ. ಬೀಜದ ಹಲಸು ಏಳೆಂಟು ವರ್ಷ ಕಾಯಿಸುತ್ತದೆ, ಹುಣಸೆ ಅದಕ್ಕಿಂತಲೂ ಹೆಚ್ಚು. ಒಂದು ಮರದ ಗುಣವನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದರೆ ಆ ಮರದ್ದೇ ಕಡ್ಡಿ ತಂದು ಇನ್ನೊಂದು ಸಸಿಯ ಮೇಲೆ ಕೂರಿಸಬೇಕು. ಮರ ನಿಂತಿರುವಾಗ ಮಾತ್ರ ಇದು ಸಾಧ್ಯ.

ನಮ್ಮ ತಾಲ್ಲೂಕಿನ ಸಿದ್ದು ಹಲಸನ್ನೇ ನೋಡಿ. ಚೇಳೂರಿನ ರೈತ ಕುಟುಂಬವೊಂದರ ಜಮೀನಿನಲ್ಲಿ ಬೀಜದಿಂದ ಬೆಳೆದ ಒಂದೇ ಒಂದು ಮರ ಅದು. ಹಣ್ಣು ಚಿಕ್ಕದು, ಸುಮಾರು ಎರಡೂವರೆ ಕಿಲೋ. ಸಣ್ಣ ಸಂಸಾರವೊಂದು ಒಂದೇ ದಿನ ತಿಂದು ಮುಗಿಸಬಹುದು, ಕೊಯ್ಯಲು ಹತ್ತು ಜನ ಬೇಡ. ಒಳಗಿನ ತೊಳೆ ತಾಮ್ರಗೆಂಪು. ತುಮಕೂರು ಬಳಿಯ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಆ ಮರವನ್ನು ಗುರುತಿಸಿದರು. ಮರ ನೆಟ್ಟ ಹಿರಿಯ ರೈತರ ಹೆಸರನ್ನೇ ತಳಿಗೆ ಇಟ್ಟರು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಕುಟುಂಬದೊಂದಿಗೆ ಒಪ್ಪಂದ ಮಾಡಿಕೊಂಡು, ಸಸಿ ಮಾರಾಟದ ಹಣದಲ್ಲಿ ದೊಡ್ಡ ಪಾಲು ಅವರಿಗೇ ಸೇರುವಂತೆ ಮಾಡಿತು. ಇದು ನ್ಯಾಯವಾದ ಕೆಲಸ. ಅನುಮತಿ ಇಲ್ಲದೆ ಸಿದ್ದುವಿನ ಕಡ್ಡಿ ಕತ್ತರಿಸಿ ಸಸಿ ಮಾರುವವರೂ ಇದ್ದಾರೆಂದು ಕೇಳಿದ್ದೇನೆ. ಅಂಥವರನ್ನು ನಮ್ಮ ಬಳಗ ಹತ್ತಿರ ಸೇರಿಸುವುದಿಲ್ಲ. ಹಂಚಿ ತಿನ್ನುವುದಕ್ಕೂ ಕದ್ದು ತಿನ್ನುವುದಕ್ಕೂ ಇರುವ ಅಂತರ ನಮಗೆ ಗೊತ್ತಿದೆ.

ಆ ಮರ ಗುರುತಿಗೆ ಬರುವ ಮೊದಲೇ ಮನೆಯವರಿಗೆ ಹಣದ ಮುಗ್ಗಟ್ಟು ಬಂದು ಅದನ್ನು ಮಾರಿಬಿಟ್ಟಿದ್ದರೆ ಏನಾಗುತ್ತಿತ್ತು? ಹಲಸಿನ ಮರ ಬಾಗಿಲ ಚೌಕಟ್ಟಿಗೂ ಬೇಕು, ವೀಣೆಗೂ ಬೇಕು. ಆಸ್ಪತ್ರೆಯ ಖರ್ಚೋ ಮಗಳ ಮದುವೆಯೋ ಬಂದಾಗ ಮೊದಲು ಕಣ್ಣು ಬೀಳುವುದು ಹೊಲದ ಬದುವಿನ ಹಲಸಿನ ಮೇಲೆ. ಎಷ್ಟು ಸಿದ್ದುಗಳು ಹೀಗೆ ಯಾರ ಮನೆಯ ಬಾಗಿಲುಗಳಾಗಿ ನಿಂತಿವೆಯೋ!

ಈಗ ಕೆಲಸದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಬೇಡಿಕೆಗೆ ಕಾರಣ ಈ ಕೆಲಸದೊಳಗೇ ಇದೆ.

ಮೊದಲು ಬೇರುಗಿಡ, ಅಂದರೆ ಕಡ್ಡಿ ಕೂರಿಸಲು ಬೀಜದಿಂದ ಎಬ್ಬಿಸಿದ ಸಸಿ ಬೇಕು. ಹಲಸಿನ ಬೀಜ ಒಣಗಿದರೆ ಮೊಳೆಯುವುದಿಲ್ಲ; ಹಣ್ಣಿನಿಂದ ತೆಗೆದ ಕೆಲವೇ ದಿನಗಳಲ್ಲಿ ಮಣ್ಣಿಗೆ ಹಾಕಬೇಕು. ದಪ್ಪ ಬೀಜವನ್ನೇ ಆರಿಸುತ್ತೇವೆ, ಏಕೆಂದರೆ ಅದರ ಸಸಿ ಬೇಗ ಬಲಿಯುತ್ತದೆ. ತಾಯಿಬೇರು ನೇರ ಇಳಿಯುವ ಗಿಡವಾದ್ದರಿಂದ ಚೀಲ ಉದ್ದ ಇರಬೇಕು, ಬೇರಿಗೆ ಪೆಟ್ಟಾದರೆ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಕಸಿಕಡ್ಡಿಯ ವಿಷಯಕ್ಕೆ ಬಂದರೆ, ಮರದ ಬಳಿ ಹೋಗಿ ಸುಮ್ಮನೆ ಕತ್ತರಿಸಿಕೊಂಡು ಬರುವಂತಿಲ್ಲ. ಪೆನ್ಸಿಲ್ ದಪ್ಪದ, ಮೂರು ನಾಲ್ಕು ತಿಂಗಳು ಬಲಿತ, ಬಿಸಿಲು ಕಂಡ ರೆಂಬೆಯ ತುದಿಯನ್ನು ಆರಿಸಿ, ತೊಟ್ಟು ಮಾತ್ರ ಉಳಿಯುವಂತೆ ಎಲೆಗಳನ್ನು ಕತ್ತರಿಸಿ, ಮರದಲ್ಲೇ ಬಿಟ್ಟು ಬರುತ್ತೇವೆ. ವಾರ ಹತ್ತು ದಿನದಲ್ಲಿ ತೊಟ್ಟುಗಳು ತಾವಾಗಿ ಉದುರುತ್ತವೆ, ತುದಿಯ ಮೊಗ್ಗು ಉಬ್ಬುತ್ತದೆ. ಮರದ ಸತ್ವ ಆ ಮೊಗ್ಗಿಗೆ ಬಂದು ನಿಂತಿದೆ ಎಂಬುದಕ್ಕೆ ಅದೇ ಗುರುತು. ಆಗ ಹೋಗಿ ಕಡ್ಡಿ ತರಬೇಕು. ಅಂದರೆ ಒಂದೇ ಮರಕ್ಕೆ ಎರಡು ಸಲ ಹೋಗಬೇಕು, ನಡುವೆ ಹತ್ತು ದಿನದ ಅಂತರವಿರಬೇಕು. ಈ ಹತ್ತು ದಿನವನ್ನು ದಯವಿಟ್ಟು ನೆನಪಿನಲ್ಲಿಡಿ.

ಆಮೇಲಿನದು ಕೈಚಳಕ. ಬೇರುಗಿಡದ ತಲೆ ಕತ್ತರಿಸಿ, ಕಾಂಡವನ್ನು ನಡುವೆ ಸೀಳಿ, ಕಡ್ಡಿಯ ಬುಡವನ್ನು ಎರಡೂ ಕಡೆ ಇಳಿಜಾರಾಗಿ ಕೆತ್ತಿ ಬೆಣೆಯಂತೆ ಇಳಿಸುತ್ತೇವೆ. ಒಳಗಿನ ಕಟ್ಟಿಗೆಗೆ ಕಟ್ಟಿಗೆ ತಾಗಿದರೆ ಏನೂ ಪ್ರಯೋಜನವಿಲ್ಲ. ಸಿಪ್ಪೆಯ ಕೆಳಗಿನ ಹಸಿರು ಪದರಕ್ಕೆ ಆ ಹಸಿರು ಪದರವೇ ತಾಗಬೇಕು. ಎರಡು ಬದಿಯೂ ಕೂಡದಿದ್ದರೆ ಒಂದು ಬದಿಯಾದರೂ ಸರಿಯಾಗಿ ಕೂಡಲೇಬೇಕು. ಹಲಸಿನಲ್ಲಿ ಇನ್ನೊಂದು ತೊಡಕಿದೆ. ಚಾಕು ತಾಗಿದ ಕ್ಷಣವೇ ಹಾಲು ಸುರಿಯುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸದೆ ಕೂಡಿಸಿದರೆ ನಡುವೆ ಅಂಟು ಕೂತು ಗಾಯ ಮಾಯುವುದಿಲ್ಲ. ಒರೆಸಲು ಹೊತ್ತು ತೆಗೆದುಕೊಂಡರೆ ಗಾಳಿಗೆ ಆ ಪದರ ಕಪ್ಪಾಗುತ್ತದೆ. ಹೀಗಾಗಿ ಹಲಸಿನ ಕಸಿಗೆ ಇಬ್ಬರು ಜೊತೆಯಾಗಿ ಕೂರುತ್ತೇವೆ. ಒಬ್ಬಳು ಕೆತ್ತುತ್ತಾಳೆ, ಇನ್ನೊಬ್ಬಳು ಒರೆಸಿ ಕಟ್ಟುತ್ತಾಳೆ. ಪಾಲಿಥಿನ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ಮೇಲೊಂದು ಪಾಲಿಥಿನ್ ಟೋಪಿ ಹಾಕಿ, ನೆರಳಿಗೆ ಇಡುತ್ತೇವೆ. ಮೂರು ನಾಲ್ಕು ವಾರದಲ್ಲಿ ಟೋಪಿಯೊಳಗೆ ಚಿಗುರು ಕಾಣಿಸಬೇಕು.

ವರ್ಷಗಟ್ಟಲೆ ಒಟ್ಟಿಗೆ ಕೂತು ಕಟ್ಟಿದ ಜೋಡಿಗಳು ನಮ್ಮಲ್ಲಿವೆ. ಅವರ ನಡುವೆ ಮಾತೇ ಬೇಕಿಲ್ಲ, ಒಬ್ಬಳ ಕೈ ಚಾಚುವ ಹೊತ್ತಿಗೆ ಇನ್ನೊಬ್ಬಳ ಕೈಯಲ್ಲಿ ಪಟ್ಟಿ ಸಿದ್ಧವಿರುತ್ತದೆ. ಜೊತೆಗಾರ್ತಿಗೆ ಜ್ವರ ಬಂದರೆ ಬೇರೆಯವಳ ಜೊತೆ ಕೂರಲು ಮನಸ್ಸಿಲ್ಲದೆ ಅಂದು ಕಳೆ ತೆಗೆಯಲು ಹೋಗುವವರನ್ನು ನೋಡಿದ್ದೇನೆ. ಕಟ್ಟಿದ್ದರಲ್ಲಿ ಎಷ್ಟು ಉಳಿದವು ಎಂದು ನೋಡುವ ದಿನ ನರ್ಸರಿಯಲ್ಲಿ ಹಬ್ಬದ ಕಳೆ ಇರುತ್ತದೆ. ಯಾರ ಸಾಲಿನಲ್ಲಿ ಚಿಗುರು ಹೆಚ್ಚಿದೆಯೋ ಅವರ ಸುತ್ತ ಉಳಿದವರು ನೆರೆದು, ಚಾಕು ಹೇಗೆ ಹಿಡಿದೆ, ಕಡ್ಡಿ ಯಾವ ದಿಕ್ಕಿನ ರೆಂಬೆಯದು, ಅಂದು ಮೋಡವಿತ್ತೇ ಎಂದು ಕೇಳುತ್ತಾರೆ. ಕೇಳಿದರೆ ಮುಚ್ಚಿಡುವವರು ಯಾರೂ ಇಲ್ಲ. ಚಿಗುರಿದ ಲೆಕ್ಕದ ಮೇಲೆ ಕೂಲಿ ಸಿಗುವ ಕಡೆಯೂ ಮುಚ್ಚಿಡುವುದಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ.

ಈ ಬಳಗ ನಮ್ಮ ತಾಲ್ಲೂಕಿಗೆ ಮುಗಿಯುವುದಿಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಕಸಿ ಮಾಡುವ ಅಣ್ಣತಮ್ಮಂದಿರಿದ್ದಾರೆ. ಬಾದಾಮಿ, ರಸಪುರಿ, ತೋತಾಪುರಿ, ಮಲ್ಲಿಕಾ, ಯಾವುದರ ಎಲೆ ಕೊಟ್ಟರೂ ಕಣ್ಣು ಮುಚ್ಚಿಕೊಂಡೇ ಮುರಿದು ಮೂಸಿ ಹೆಸರು ಹೇಳುತ್ತಾರೆ. ಚಿಕ್ಕಬಳ್ಳಾಪುರ ಕಡೆ ದ್ರಾಕ್ಷಿಯವರಿದ್ದಾರೆ. ಅವರದು ಬೇರೆಯೇ ಲೋಕ. ಡಾಗ್‌ರಿಡ್ಜ್ ಎಂಬ ಅಮೆರಿಕದ ಕಾಡು ದ್ರಾಕ್ಷಿಯ ಬೇರಿನ ಮೇಲೆ ಇಲ್ಲಿ ತಿನ್ನುವ ದ್ರಾಕ್ಷಿಯನ್ನು ಕೂರಿಸುತ್ತಾರೆ. ಆ ಬೇರು ಉಪ್ಪು ನೀರನ್ನೂ ಬರವನ್ನೂ ತಾಳುತ್ತದೆ. ಸಾವಿರ ಅಡಿಯ ಕೊಳವೆಬಾವಿಯ ನೀರು ಕುಡಿಯುವ ಸೀಮೆಯಲ್ಲಿ ಅದಿಲ್ಲದೆ ನಡೆಯದು ಎನ್ನುತ್ತಾರೆ. ತುಮಕೂರು ನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ತಾರಸಿಯ ಮೇಲೆ ಡ್ರಮ್ಮುಗಳಲ್ಲಿ ಅಂಜೂರ, ನಿಂಬೆ, ಸೀಬೆ ಬೆಳೆಸಿ, ಬಂದವರಿಗೆಲ್ಲ ಗೂಟಿ ಕಟ್ಟುವುದನ್ನು, ಅಂದರೆ ರೆಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದನ್ನು ಕಲಿಸುತ್ತಾರೆ. ದೇವಸ್ಥಾನದ ಹೂದೋಟ ನೋಡಿಕೊಳ್ಳುವ ಅಜ್ಜಿಯೊಬ್ಬರ ಬಳಿ ಮಾತ್ರ ಉಳಿದಿರುವ ಮಲ್ಲಿಗೆಯೊಂದಿದೆ. ಕೇಳಿದವರಿಗೆ ಬಳ್ಳಿಯ ತುಂಡು ಕೊಡುತ್ತಾರೆ, ಕೊಡುವಾಗ ಬೇರು ಬಂದ ಮೇಲೆ ಬಂದು ಹೇಳಿ ಹೋಗಬೇಕೆಂದು ಮಾತು ತೆಗೆದುಕೊಳ್ಳುತ್ತಾರೆ.

ಇವರೆಲ್ಲ ಒಂದೇ ಜಾತಿಯವರಲ್ಲ, ಒಂದೇ ಪಕ್ಷದವರಲ್ಲ. ಚುನಾವಣೆ ಬಂದರೆ ಒಬ್ಬರ ಮುಖ ಒಬ್ಬರು ನೋಡದವರೂ ಇದ್ದಾರೆ. ಆದರೆ "ಒಂದು ಕಡ್ಡಿ ಬೇಕಿತ್ತು" ಎಂದು ಮೊಬೈಲ್‌ಗೆ ಕರೆ ಬಂದರೆ ಸಾಕು, ಮರುದಿನ ಬೆಳಗಿನ ಬಸ್ಸಿನಲ್ಲಿ ಕಡ್ಡಿ ಹೊರಟಿರುತ್ತದೆ. ಒದ್ದೆ ಗೋಣಿಯಲ್ಲಿ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿ, ನಿರ್ವಾಹಕರ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ಹಲಸಿನ ಕಡ್ಡಿ ಎರಡು ಮೂರು ದಿನ ಮೀರಿದರೆ ನಂಬುವಂತಿಲ್ಲ, ಮಾವಿನದು ಇನ್ನೂ ಸ್ವಲ್ಪ ತಾಳುತ್ತದೆ. ಆದ್ದರಿಂದ ತಡಮಾಡುವ ಹಾಗಿಲ್ಲ. ಬಸ್ ನಿರ್ವಾಹಕರ ಉಪಕಾರವನ್ನೂ ಇಲ್ಲಿ ಸ್ಮರಿಸಬೇಕು. ಕಟ್ಟನ್ನು ಎಂಜಿನ್ನಿನ ಬಿಸಿ ತಾಗದ ಕಡೆ ಇಟ್ಟುಕೊಂಡು ಬರುವಂತೆ ಅವರಿಗೆ ಯಾರೂ ಆದೇಶ ಕೊಟ್ಟಿಲ್ಲ. ಕಡ್ಡಿಗೆ ಹಣ ಕೇಳುವ ರೂಢಿ ನಮ್ಮಲ್ಲಿಲ್ಲ. ಕಸಿ ಹಿಡಿದರೆ ಮುಂದಿನ ವರ್ಷ ಒಂದು ಸಸಿಯನ್ನು ಕೊಟ್ಟವರಿಗೆ ತಲುಪಿಸಬೇಕು, ಇದೊಂದೇ ಕಟ್ಟುಪಾಡು. ಬರೆದಿಟ್ಟ ನಿಯಮವಲ್ಲ, ಮುರಿದವರನ್ನೂ ನಾನು ಕಂಡಿಲ್ಲ.

ಜಗಳಗಳೂ ಇವೆ. ಒಂದೇ ಹಲಸಿಗೆ ಎರಡು ಊರಿನವರು ಎರಡು ಹೆಸರಿಟ್ಟು, ಯಾವುದು ಮೂಲ ಎಂದು ಸಂತೆಯಲ್ಲಿ ಕೈಕೈ ಮಿಲಾಯಿಸುವವರೆಗೂ ಹೋದದ್ದುಂಟು. ಹಿರೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರದ ತರಬೇತಿಗೆ ಹೋದಾಗ ಇಬ್ಬರೂ ಹಣ್ಣು ತಂದು ಕೊಯ್ದು, ತೊಳೆಯ ಬಣ್ಣ, ಬೀಜದ ಆಕಾರ ನೋಡಿ ಒಂದೇ ಎಂದು ಒಪ್ಪಿಕೊಂಡರು. ಹೆಸರನ್ನು ಮಾತ್ರ ಇಬ್ಬರೂ ಬಿಟ್ಟುಕೊಡಲಿಲ್ಲ. ಅಷ್ಟು ಪ್ರೀತಿ ಇರುವುದರಿಂದಲೇ ಅಷ್ಟು ಹಟ ಎಂದು ನಾನು ತಿಳಿದಿದ್ದೇನೆ.

ಹೀಗೆ ಕೊಡುವುದರಿಂದ ವ್ಯಾಪಾರಕ್ಕೆ ನಷ್ಟವಲ್ಲವೇ ಎಂದು ನನ್ನ ಮಗನೇ ಕೇಳಿದ್ದಾನೆ. ಅವನಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ನಮ್ಮ ಬಾವಿಕಟ್ಟೆಯ ಪಕ್ಕ ಮಾವನವರ ಕಾಲದ ಒಂದು ಹಲಸಿನ ಮರವಿತ್ತು. ಉಳಿದ ಮರಗಳ ಕಾಯಿ ಇನ್ನೂ ಎಳತಾಗಿರುವಾಗಲೇ ಅದರಲ್ಲಿ ಹಣ್ಣು. ತೊಳೆ ತೆಳುವಾದರೂ ಜೇನಿನಷ್ಟು ಸಿಹಿ. ನನ್ನ ನರ್ಸರಿಗೆ ಹೆಸರು ಬಂದದ್ದೇ ಆ ಮರದ ಕಸಿಯಿಂದ. ಚಿಂತಾಮಣಿ ಕಡೆಯ ಕಸಿಗಾರರೊಬ್ಬರು ಹಿಂದೊಮ್ಮೆ ಬಂದವರು ಅದರ ಕಡ್ಡಿ ಕೇಳಿ ಒಯ್ದಿದ್ದರು. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರವೇ ಘೋಷಿಸಿದ ವರ್ಷ. ಮುಂದಿನ ಬೇಸಿಗೆಗೆ ನಮ್ಮ ಕೊಳವೆಬಾವಿಯೂ ನಿಂತಿತು. ಟ್ಯಾಂಕರ್ ನೀರು ಸಸಿಗಳಿಗೇ ಸಾಲಲಿಲ್ಲ. ಅಷ್ಟು ಹಳೆಯ ಮರ ತುದಿಯಿಂದ ಒಣಗುತ್ತ ಬಂದು ಮಳೆಗಾಲದ ಹೊತ್ತಿಗೆ ಪೂರ್ತಿ ಹೋಯಿತು. ಆ ಬರದಲ್ಲಿ ಮಾರಲು ಕಟ್ಟಿದ ಸಸಿಗಳೂ ಉಳಿದಿರಲಿಲ್ಲ. ಸುದ್ದಿ ತಿಳಿದ ಚಿಂತಾಮಣಿಯವರು ನಾನು ಕೇಳುವ ಮೊದಲೇ ತಮ್ಮ ಹೊಲದ ಗಿಡದಿಂದ ಕಡ್ಡಿ ತಯಾರು ಮಾಡಿ, ತಾವೇ ಬೆಂಗಳೂರು ಮಾರ್ಗವಾಗಿ ಎರಡು ಬಸ್ ಬದಲಿಸಿ ತಂದುಕೊಟ್ಟರು. ಕೂತು ನನ್ನ ಜೊತೆ ಕಟ್ಟಿದರು, ಊಟ ಮಾಡಿ ಹೊರಟರು. ಮಾವನವರ ಹಲಸು ಈಗ ಮತ್ತೆ ನಮ್ಮಲ್ಲಿದೆ. ನಾನು ಅಂದು ಕಡ್ಡಿ ಕೊಡದಿದ್ದರೆ ಇಂದು ನನ್ನ ಬಳಿಯೂ ಅದು ಇರುತ್ತಿರಲಿಲ್ಲ. ಒಂದೇ ಅಂಗಳದಲ್ಲಿ ಇರುವ ತಳಿಗೆ ಒಂದೇ ಬರ ಸಾಕು. ಮಗ ಮತ್ತೆ ಕೇಳಲಿಲ್ಲ. ಈಗ ಅವನೇ ಬಸ್ ನಿಲ್ದಾಣಕ್ಕೆ ಕಟ್ಟು ತೆಗೆದುಕೊಂಡು ಹೋಗುತ್ತಾನೆ.

ಆದರೆ ಕೊಡಲು ಮರ ಇರಬೇಕಲ್ಲ. ನನ್ನ ಸಂಕಟ ಇಲ್ಲಿಂದ ಶುರುವಾಗುತ್ತದೆ.

ನಮ್ಮ ಕಡೆಯ ಒಂದು ರಸ್ತೆಯ ಬದಿಯಲ್ಲಿ ಹುಣಸೆ ಮರವೊಂದಿತ್ತು. ಹುಣಸೆ ಎಂದರೆ ತುಮಕೂರು ಮಾರುಕಟ್ಟೆಯ ಜೀವ. ಬೇಸಿಗೆಯಲ್ಲಿ ಅಲ್ಲಿನ ಪ್ರಾಂಗಣ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಈ ಮರದ ಕಾಯಿ ಉದ್ದ, ತಿರುಳು ದಪ್ಪ, ನಾರು ಕಡಿಮೆ. ವರ್ಷ ಬಿಟ್ಟು ವರ್ಷ ಸೋಲುವ ಹುಣಸೆಗಳ ನಡುವೆ ಅದು ಸೋತದ್ದನ್ನು ಸುತ್ತಿನವರು ಕಂಡಿರಲಿಲ್ಲ. ಹಣ್ಣು ಬಡಿಯುವ ಹೆಂಗಸರು ಅದಕ್ಕೆ ಲಕ್ಷ್ಮಿ ಮರ ಎನ್ನುತ್ತಿದ್ದರು. ರಸ್ತೆ ಅಗಲಿಸುವ ಕಾಮಗಾರಿ ಬಂತು. ಮರಗಳ ಮೇಲೆ ಬಣ್ಣದಲ್ಲಿ ಅಂಕಿ ಬರೆದು ಹೋದರು. ಅಂಕಿ ಕಂಡೊಡನೆ ನಾವು ಕೆಲವರು ಹೋಗಿ ಯಾವಾಗ ಕಡಿಯುತ್ತೀರಿ ಎಂದು ಕೇಳಿದೆವು. ಅಲ್ಲಿದ್ದವರು ತಮಗೆ ಗೊತ್ತಿಲ್ಲ, ಮೇಲಿನವರನ್ನು ಕೇಳಿ ಎಂದರು. ಮೇಲಿನವರು ಟೆಂಡರ್ ಆಗಬೇಕು, ಇನ್ನೂ ಸಮಯವಿದೆ ಎಂದರು. ಹುಣಸೆ ಆಗಷ್ಟೇ ಎಲೆ ಉದುರಿಸುತ್ತಿತ್ತು. ಹೊಸ ಚಿಗುರು ಬಲಿಯಲಿ, ಆಮೇಲೆ ಕಡ್ಡಿ ತಯಾರು ಮಾಡೋಣ ಎಂದು ಅವರ ಮಾತು ನಂಬಿ ಕಾದೆವು. ಒಂದು ಮಧ್ಯಾಹ್ನ ಯಂತ್ರದ ಸದ್ದು ಕೇಳಿತು. ನಾವು ಓಡಿಹೋಗುವ ಹೊತ್ತಿಗೆ ಮರ ಮಲಗಿತ್ತು, ಕೊಂಬೆಗಳನ್ನು ಟ್ರ್ಯಾಕ್ಟರ್‌ಗೆ ತುಂಬುತ್ತಿದ್ದರು. ಸಿಕ್ಕಿದ ಎಳೆಯ ರೆಂಬೆಗಳನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಬಂದು ದೀಪದ ಬೆಳಕಿನಲ್ಲಿ ಕಟ್ಟಿದೆವು. ಒಂದೂ ಹಿಡಿಯಲಿಲ್ಲ. ತಯಾರಾಗದ ಕಡ್ಡಿ ಹಿಡಿಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿದ್ದ ವಿಷಯ. ಗೊತ್ತಿದ್ದೂ ಕಟ್ಟಿದೆವು.

ಯಾವ ಕಚೇರಿ, ಯಾರು ಎಂದು ನಾನು ಬರೆಯುವುದಿಲ್ಲ. ಒಬ್ಬರ ಮೇಲೆ ಹೊರಿಸಿ ಮುಗಿಸುವ ವಿಷಯ ಇದಲ್ಲ. ರಸ್ತೆ ಬೇಡ ಎಂದೂ ಹೇಳುತ್ತಿಲ್ಲ. ನನ್ನ ಸಸಿಗಳೂ ಅದೇ ರಸ್ತೆಯ ಮೇಲೆ ಹೋಗಬೇಕು, ಹೆರಿಗೆ ನೋವಿನವರನ್ನು ಕರೆದೊಯ್ಯುವ ಆಂಬುಲೆನ್ಸ್ ಕೂಡ ಅದೇ ರಸ್ತೆಯ ಮೇಲೆ ಹೋಗಬೇಕು. ಆದರೆ ಒಂದು ಮರಕ್ಕೆ ಬದಲಾಗಿ ಹತ್ತು ಸಸಿ ನೆಡುತ್ತೇವೆ ಎಂಬ ಸಮಾಧಾನವನ್ನು ಮಾತ್ರ ನಾನು ಒಪ್ಪಲಾರೆ. ನೆಡುವ ಸಸಿ ಬೀಜದ್ದು. ಆ ಹತ್ತರಲ್ಲಿ ಒಂದೂ ಲಕ್ಷ್ಮಿ ಮರವಾಗುವ ಖಾತರಿ ಇಲ್ಲ. ಕಡಿಯುವ ಮರದ ಕಡ್ಡಿಯನ್ನೇ ಕಸಿ ಮಾಡಿ, ಅದೇ ರಸ್ತೆಯ ಬದಿಗೆ ನೆಟ್ಟರೆ ಆಗ ಬದಲಿ ಎಂದು ಕರೆಯಬಹುದು.

ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ. ಮದುವೆಯಾಗಿ ಹೋದ ಹುಲಿಕಲ್ಲಿನಿಂದ ಕುದೂರಿನವರೆಗೆ ಗಂಡನ ಜೊತೆ ನೀರು ಹೊತ್ತು ಆಲದ ಸಾಲು ಬೆಳೆಸಿದ ಅವರಿಗೆ 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣದಿಂದ ಆ ಆಲದ ಮರಗಳಿಗೇ ಕುತ್ತು ಬಂದಿತ್ತು. ಅವರು ಸರ್ಕಾರದ ಮುಂದೆ ಅಹವಾಲು ಇಟ್ಟ ಮೇಲೆ ಮರ ಉಳಿಸುವ ದಾರಿ ಹುಡುಕುವ ಭರವಸೆ ಸಿಕ್ಕಿತು. ಕೂಲಿ ಮಾಡಿ ಬದುಕಿದ ಹೆಣ್ಣುಮಗಳೊಬ್ಬರ ಮಾತಿಗೆ ಸರ್ಕಾರ ಕಿವಿಗೊಟ್ಟದ್ದು ನಮಗೆಲ್ಲ ಹೆಮ್ಮೆ. ನಮ್ಮ ರಸ್ತೆಯ ಹುಣಸೆಗೆ ಅಂಥ ಹೆಸರಿನ ಬೆಂಬಲ ಇರಲಿಲ್ಲ. ಅದನ್ನು ನೆಟ್ಟವರು ಯಾರೋ ಯಾರಿಗೂ ಗೊತ್ತಿಲ್ಲ.

ಇನ್ನು ಬೇಡಿಕೆ. ಮರ ಕಡಿಯಲು ಅನುಮತಿ ಪಡೆಯಬೇಕೆಂದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವಾಗ ಜನರ ಆಕ್ಷೇಪಣೆ ಕೇಳಿ ಪ್ರಕಟಣೆ ಹೊರಡಿಸುವ ಕ್ರಮವೂ ಇದೆ. ಅಂದರೆ ಯಾವ ಮರ, ಎಲ್ಲಿದೆ ಎಂಬ ಪಟ್ಟಿ ಕಡಿಯುವ ಮೊದಲೇ ಯಾವುದೋ ಮೇಜಿನ ಮೇಲೆ ಸಿದ್ಧವಾಗಿರುತ್ತದೆ. ಆ ಪಟ್ಟಿಯಲ್ಲಿರುವ ಹಲಸು, ಹುಣಸೆ, ಮಾವು, ನೇರಳೆ ಮರಗಳ ವಿವರವನ್ನು ಹಿರೇಹಳ್ಳಿ ಮತ್ತು ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳಿಗೂ, ತಾಲ್ಲೂಕಿನ ತೋಟಗಾರಿಕೆ ಕಚೇರಿಗೂ ಕಳಿಸಿಕೊಡಲಿ. ಅಲ್ಲಿಂದ ನಮಗೆ ಸುದ್ದಿ ಮುಟ್ಟುವುದು ಕಷ್ಟವಲ್ಲ. ಕೊಡಲಿ ಬೀಳುವ ದಿನವನ್ನು ಕನಿಷ್ಠ ಹದಿನೈದು ದಿನ ಮೊದಲೇ ತಿಳಿಸಲಿ. ಹತ್ತು ದಿನ ಕಡ್ಡಿ ತಯಾರಾಗಲು, ಉಳಿದದ್ದು ಹೋಗಿ ಬಂದು ಕಟ್ಟಲು. ಅದಕ್ಕಿಂತ ಹೆಚ್ಚು ನಮಗೆ ಬೇಡ. ಏಣಿ ನಮ್ಮದು, ಬಸ್ ಖರ್ಚು ನಮ್ಮದು, ಚೀಲ, ಮಣ್ಣು, ಕೂಲಿ ಎಲ್ಲ ನಮ್ಮದೇ. ಸರ್ಕಾರದಿಂದ ಒಂದು ರೂಪಾಯಿ ಕೇಳುತ್ತಿಲ್ಲ. ಕಸಿ ಹಿಡಿದ ಸಸಿಗಳಲ್ಲಿ ಒಂದು ಪಾಲನ್ನು ಆ ರಸ್ತೆಯ ಬದಿಗೆ ನೆಡಲು ಉಚಿತವಾಗಿ ಕೊಡಲು ನಮ್ಮ ಬಳಗದವರು ಒಪ್ಪಿದ್ದಾರೆ, ಅವರನ್ನೆಲ್ಲ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲ ಮರವನ್ನೂ ಕಸಿ ಮಾಡುವ ಅಗತ್ಯವಿಲ್ಲ. ಯಾವ ಮರ ಒಳ್ಳೆಯದು ಎಂದು ಹೇಳಬಲ್ಲವರು ಆ ರಸ್ತೆಯಲ್ಲೇ ಇರುತ್ತಾರೆ. ಹಣ್ಣು ಬಡಿಯುವ ಗುತ್ತಿಗೆ ಹಿಡಿದವರು, ಕುರಿ ಕಾಯುವವರು, ಶಾಲೆಯಿಂದ ಬರುವಾಗ ಕಲ್ಲು ಹೊಡೆದು ಕಾಯಿ ತಿಂದ ಮಕ್ಕಳು. ಅಂಕಿ ಬರೆಯಲು ಬರುವವರು ಇವರನ್ನು ಒಂದು ಮಾತು ಕೇಳಿದರೆ ಸಾಕು.

ರೈತರಲ್ಲಿಯೂ ಒಂದು ವಿನಂತಿ. ಕಷ್ಟಕ್ಕೆ ಮರ ಮಾರಬೇಡಿ ಎನ್ನುವ ಅಧಿಕಾರ ನನಗಿಲ್ಲ. ಬದುವಿನ ಹಲಸನ್ನು ಮಾರುವ ಮಾತುಕತೆಯಾದ ದಿನವೇ ಹತ್ತಿರದ ನರ್ಸರಿಯವರಿಗೆ ಹೇಳಿ. ಮರದ ವ್ಯಾಪಾರಿಯೂ ನಾಲ್ಕು ದಿನ ಹೆಚ್ಚು ಕಾಯಲು ಸಾಮಾನ್ಯವಾಗಿ ಒಪ್ಪುತ್ತಾನೆ. ಮರ ಹೋದರೂ ಅದರ ಎರಡು ಕಸಿ ಸಸಿಗಳನ್ನು ನಿಮ್ಮ ಬದುವಿಗೇ ತಂದು ನೆಟ್ಟುಕೊಡುತ್ತೇವೆ. ಕಸಿ ಗಿಡ ಮೂರರಿಂದ ಐದು ವರ್ಷದಲ್ಲಿ ಫಲ ಕೊಡಲು ಶುರು ಮಾಡುತ್ತದೆ.

ನಿಮ್ಮ ಪತ್ರಿಕೆಯಿಂದ ನಾನು ಕೇಳುವುದು ಅಂಗೈಯಗಲದ ಜಾಗ. ಕೊಬ್ಬರಿ, ರೇಷ್ಮೆಗೂಡು, ಟೊಮೆಟೊ ಧಾರಣೆಗಳ ಪಕ್ಕದಲ್ಲಿ ವಾರಕ್ಕೊಮ್ಮೆ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕಡಿಯಲು ಗುರುತಾದ ಹಣ್ಣಿನ ಮರಗಳು ಎಲ್ಲಿವೆ ಎಂದು ಒಂದೆರಡು ಸಾಲು ಹಾಕಿ. ಮುಂದೆ ಯಾವುದಾದರೂ ಹಲಸಿನ ಮೇಲೆ ವರದಿ ಬರೆಯುವಾಗ ಬೆಳೆದ ರೈತರ ಮತ್ತು ಗುರುತಿಸಿದ ವಿಜ್ಞಾನಿಗಳ ಜೊತೆ, ಅದರ ಸಸಿ ಕಟ್ಟಿದ ಹೆಂಗಸರನ್ನೂ ನಿಮ್ಮ ವರದಿಗಾರರು ಮಾತನಾಡಿಸಲಿ. ಅವರು ಕ್ಯಾಮೆರಾ ಕಂಡರೆ ಎದ್ದು ಹೋಗುತ್ತಾರೆ, ಆದರೆ ಕಡ್ಡಿಯ ಬಗ್ಗೆ ಕೇಳಿದರೆ ಸಂಜೆಯವರೆಗೆ ಮಾತನಾಡುತ್ತಾರೆ.

ಈ ಪತ್ರವನ್ನು ಆದಷ್ಟು ಮುಂಗಾರಿಗೆ ಮೊದಲು ಪ್ರಕಟಿಸಬೇಕೆಂದು ಕೋರುತ್ತೇನೆ. ಮಳೆ ಬಿದ್ದು ಗಾಳಿಯಲ್ಲಿ ತೇವ ಬಂದರೆ ಹಲಸಿನ ಕಸಿಗೆ ಒಳ್ಳೆಯ ಕಾಲ. ನಮ್ಮಲ್ಲಿ ಬೇರುಗಿಡಗಳು ಸಿದ್ಧವಿವೆ. ಗುಬ್ಬಿ, ಚೇಳೂರು, ನಿಟ್ಟೂರು ಸುತ್ತ ಯಾರ ಮರವಾದರೂ ಬೀಳುವುದಿದ್ದರೆ ಗುಬ್ಬಿ ಸಂತೆಯಲ್ಲಿ ಸಸಿ ಮಾರುವ ಹೆಂಗಸರಲ್ಲಿ ಯಾರಿಗೆ ಹೇಳಿದರೂ ನಮಗೆ ಅಂದೇ ತಲುಪುತ್ತದೆ.

ಇತಿ ತಮ್ಮ ವಿಶ್ವಾಸಿ,
ಕಸಿ ಕಟ್ಟುವ ಒಬ್ಬ ಹೆಣ್ಣುಮಗಳು
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ